ಊರಿನ ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆ

(ಕೂಟದ ಸಂಕ್ರಾಂತಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹ ರೂಪ)



ಹೊರಗೆ ಹಿಮ ಬೀಳುತ್ತಿದೆ. ಒಳಗೆ ಎಳ್ಳು-ಬೆಲ್ಲದ ತಟ್ಟೆ ಕೈಯಿಂದ ಕೈಗೆ ಸಾಗುತ್ತಿದೆ. ಇಂಥ ಹೊತ್ತಿನಲ್ಲಿ ಕ್ಯಾನ್ಸರಿನ ವಿಷಯವನ್ನು ಎತ್ತುವುದು ತರವೇ ಎಂಬ ಅಳುಕು ನಮಗಿತ್ತು. ಆ ಅಳುಕನ್ನು ಸಮಿತಿಯವರ ಮುಂದೆ ಹೇಳಿಕೊಂಡಾಗ ಅವರು, "ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುತ್ತಾರಲ್ಲ, ನೀವೂ ಒಳ್ಳೆಯ ಮಾತನ್ನೇ ಆಡಿ" ಎಂದು ಧೈರ್ಯ ಹೇಳಿದರು. ಒಳ್ಳೆಯ ಮಾತೆಂದರೆ ಸಿಹಿಯಾದ ಮಾತು ಮಾತ್ರವಲ್ಲ, ಸಕಾಲದಲ್ಲಿ ಆಡಿದ ನಿಜವಾದ ಮಾತೂ ಹೌದು ಎಂದು ನಾವು ಅರ್ಥ ಮಾಡಿಕೊಂಡು ಇಲ್ಲಿಗೆ ಬಂದಿದ್ದೇವೆ.

ಈ ಉಪನ್ಯಾಸದಲ್ಲಿ "ನಾವು" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದು ದೊಡ್ಡಸ್ತಿಕೆಯ "ನಾವು" ಅಲ್ಲ. ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸಾಧಾರಣ ಊರಿನ ಸಮುದಾಯ ಆಸ್ಪತ್ರೆಯಲ್ಲಿ, ವಿಕಿರಣ ವಿಭಾಗದಲ್ಲಿ ಕೆಲಸ ಮಾಡುವವರು ನಾವು. ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆಯನ್ನು ನಿರ್ಧರಿಸುವ ವೈದ್ಯರು, ಕಿರಣದ ಪ್ರಮಾಣವನ್ನು ಅಳೆಯುವ ಭೌತವಿಜ್ಞಾನಿ, ಗಣಕಯಂತ್ರದಲ್ಲಿ ಯೋಜನೆ ರೂಪಿಸುವವರು, ಯಂತ್ರ ನಡೆಸುವ ತಂತ್ರಜ್ಞರು, ದಾದಿ, ಆಹಾರ ತಜ್ಞೆ, ಸಮಾಜ ಕಾರ್ಯಕರ್ತೆ, ಇಷ್ಟೂ ಮಂದಿ ಸೇರಿದರೆ ಒಂದು ವಿಕಿರಣ ವಿಭಾಗ. ನಮ್ಮಲ್ಲಿ ಒಬ್ಬಿಬ್ಬರು ಕನ್ನಡಿಗರು. ಇಂದಿನ ಮಾತು ಅವರ ಬಾಯಿಂದ ಬಂದರೂ ಅದರ ಹಿಂದಿನ ಅನುಭವ ಎಲ್ಲರದು.

ಕ್ಯಾನ್ಸರಿಗೆ ಮುಖ್ಯವಾಗಿ ಮೂರು ಬಗೆಯ ಚಿಕಿತ್ಸೆಗಳುಂಟೆಂದು ನೀವೆಲ್ಲ ಬಲ್ಲಿರಿ: ಶಸ್ತ್ರಚಿಕಿತ್ಸೆ, ಔಷಧ ಮತ್ತು ವಿಕಿರಣ. ಮೊದಲೆರಡು ಸುಲಭವಾಗಿ ಅರ್ಥವಾಗುತ್ತವೆ. ಕತ್ತರಿಸಿ ತೆಗೆಯುವುದು ಕಣ್ಣಿಗೆ ಕಾಣುತ್ತದೆ, ಔಷಧ ರಕ್ತನಾಳಕ್ಕೆ ಇಳಿಯುವುದೂ ಕಾಣುತ್ತದೆ. ಮೂರನೆಯದು ಮಾತ್ರ ಕಾಣುವುದಿಲ್ಲ, ಕೇಳುವುದಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ. ನಮ್ಮ ನಾಡಿನ ಜನ ಇದನ್ನು "ಕರೆಂಟ್ ಕೊಡುವುದು" ಎಂದು ಕರೆಯುತ್ತಾರೆ. ಹೆಸರನ್ನು ಕೇಳಿದವರಿಗೆ ಮೈಗೆ ವಿದ್ಯುತ್ತು ಹರಿಸುತ್ತಾರೋ ಏನೋ ಎಂಬ ಭಯ ಸಹಜವೇ. ಆದರೆ ಇಲ್ಲಿ ವಿದ್ಯುತ್ತು ಯಂತ್ರಕ್ಕೆ ಹೋಗುತ್ತದೆಯೇ ಹೊರತು ರೋಗಿಗಲ್ಲ. ರೋಗಿಗೆ ತಲುಪುವುದು ಕ್ಷ-ಕಿರಣ, ಎದೆಯ ಚಿತ್ರ ತೆಗೆಯಲು ಬಳಸುವ ಕಿರಣದ ಜಾತಿಯದೇ, ಆದರೆ ಅದಕ್ಕಿಂತ ಬಹಳ ಹೆಚ್ಚು ಶಕ್ತಿಯುಳ್ಳದ್ದು.

ವಿಲ್‌ಹೆಲ್ಮ್ ರಂಟ್‌ಜೆನ್ ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ಈ ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಮರುವರ್ಷವೇ ವೈದ್ಯರು ಇದನ್ನು ಗಡ್ಡೆಗಳ ಮೇಲೆ ಪ್ರಯೋಗಿಸಲಾರಂಭಿಸಿದರು. ಆರಂಭದ ದಿನಗಳಲ್ಲಿ ಒಂದೇ ಸಲಕ್ಕೆ ಭಾರಿ ಪ್ರಮಾಣ ಕೊಟ್ಟು, ಗಡ್ಡೆಯ ಜೊತೆಗೆ ಚರ್ಮವನ್ನೂ ಸುಟ್ಟ ಪ್ರಸಂಗಗಳು ಅನೇಕ. ಪ್ಯಾರಿಸ್ಸಿನಲ್ಲಿ ಕ್ಲಾಡಿಯಸ್ ರೆಗೋ ಎಂಬ ವಿಜ್ಞಾನಿ 1920ರ ದಶಕದಲ್ಲಿ ಟಗರುಗಳ ಮೇಲೆ ಪ್ರಯೋಗ ನಡೆಸಿ, ಕಿರಣವನ್ನು ಹಲವು ದಿನಗಳಿಗೆ ಹಂಚಿಕೊಟ್ಟರೆ ಒಳಗಿನ ಗುರಿ ಮುಟ್ಟುತ್ತದೆ, ಮೇಲಿನ ಚರ್ಮವೂ ಉಳಿಯುತ್ತದೆ ಎಂಬುದನ್ನು ತೋರಿಸಿದರು. ಅವರ ಸಹೋದ್ಯೋಗಿ ಆನ್ರಿ ಕೂತಾರ್ ಇದನ್ನೇ ಗಂಟಲಿನ ಕ್ಯಾನ್ಸರಿಗೆ ಅನ್ವಯಿಸಿ, ದಿನಕ್ಕಿಷ್ಟರಂತೆ ವಾರಗಟ್ಟಲೆ ಚಿಕಿತ್ಸೆ ನೀಡಿ ಗುಣಪಡಿಸಿದರು. ಯಂತ್ರಗಳು ಆಮೇಲೆ ಎಷ್ಟೋ ಬದಲಾದವು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರ ಬಂದಿತು. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ, 1956ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ರೇಖೀಯ ವೇಗವರ್ಧಕಗಳಿಂದ ರೋಗಿಗಳಿಗೆ ಚಿಕಿತ್ಸೆ ಆರಂಭವಾಯಿತು. ಈಗ ನಮ್ಮಂಥ ಸಣ್ಣ ಆಸ್ಪತ್ರೆಗಳಲ್ಲೂ ಇರುವುದು ಈ ವೇಗವರ್ಧಕವೇ. ಆದರೆ ದಿನದಿನವೂ ಸ್ವಲ್ಪ ಸ್ವಲ್ಪ ಎಂಬ ಆ ಹಳೆಯ ಸೂತ್ರ ಇಂದಿಗೂ ಈ ಚಿಕಿತ್ಸೆಯ ಬೆನ್ನೆಲುಬು.

ಇದರ ಕಾರಣ ಸರಳ. ಕಿರಣವು ಜೀವಕೋಶದೊಳಗಿನ ವಂಶತಂತುವನ್ನು ತುಂಡರಿಸುತ್ತದೆ. ಆರೋಗ್ಯವಂತ ಜೀವಕೋಶ ಆ ಗಾಯವನ್ನು ಮರುದಿನದೊಳಗೆ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಆ ಜಾಣ್ಮೆ ಕಡಿಮೆ. ಹೀಗೆ ಪ್ರತಿದಿನವೂ ಇವೆರಡರ ನಡುವಿನ ಅಂತರ ಸ್ವಲ್ಪ ಸ್ವಲ್ಪವೇ ಬೆಳೆಯುತ್ತ ಹೋಗಿ, ಕೊನೆಗೆ ಒಂದು ಅಳಿಯುತ್ತದೆ, ಇನ್ನೊಂದು ಉಳಿಯುತ್ತದೆ. ಆದರೆ ಮೂರು ನಾಲ್ಕು ವಾರ ಕಳೆದ ಮೇಲೆ ಅಳಿದುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಬೇಗ ಬೇಗ ವೃದ್ಧಿಯಾಗತೊಡಗುತ್ತವೆ. ಆಗ ನಾವು ಬಿಟ್ಟ ಪ್ರತಿಯೊಂದು ದಿನವೂ ಅವುಗಳ ಪಾಲಿಗೆ ಲಾಭ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರುಗಳಲ್ಲಿ, ಗರ್ಭಕೋಶದ ಕೊರಳಿನ ಕ್ಯಾನ್ಸರಿನಲ್ಲಿ, ಚಿಕಿತ್ಸೆಯ ಒಟ್ಟು ಅವಧಿ ಒಂದು ದಿನ ಹಿಗ್ಗಿದರೆ ರೋಗ ಹತೋಟಿಗೆ ಬರುವ ಸಂಭವ ಸುಮಾರು ಶೇಕಡಾ 1ರಷ್ಟು ತಗ್ಗುತ್ತದೆ ಎಂಬುದು ಹಲವು ಅಧ್ಯಯನಗಳ ಸಾರ. ಒಂದು ಎಂಬುದು ಸಣ್ಣ ಸಂಖ್ಯೆ. ಆದರೆ ಹಬ್ಬಕ್ಕೆಂದು ಎರಡು ದಿನ, ಹಿಮಕ್ಕೆಂದು ಎರಡು ದಿನ, ಕಾರು ಓಡಿಸುವವರಿಲ್ಲವೆಂದು ಮೂರು ದಿನ ಎಂದು ಕೂಡಿಸುತ್ತ ಹೋದರೆ ಅದು ಸಣ್ಣದಾಗಿ ಉಳಿಯುವುದಿಲ್ಲ.

ಆದುದರಿಂದ ಈ ಚಿಕಿತ್ಸೆಯಲ್ಲಿ ಯಂತ್ರದಷ್ಟೇ ಮುಖ್ಯವಾದುದು ದಾರಿ. ಶಸ್ತ್ರಚಿಕಿತ್ಸೆಗೆ ಒಮ್ಮೆ ದೂರ ಹೋಗಿ ಬರಬಹುದು. ವಿಕಿರಣಕ್ಕೆ ಸೋಮವಾರದಿಂದ ಶುಕ್ರವಾರದವರೆಗೆ, ವಾರದ ಮೇಲೆ ವಾರ, ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಓಡಾಡಬೇಕು. ಊರಿನ ಆಸ್ಪತ್ರೆಯ ಬೆಲೆ ಇರುವುದು ಇಲ್ಲಿಯೇ. ಅಮೆರಿಕದಲ್ಲಿ ಕ್ಯಾನ್ಸರ್ ರೋಗಿಗಳಲ್ಲಿ ಬಹುಪಾಲು ಜನ ಚಿಕಿತ್ಸೆ ಪಡೆಯುವುದು ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಅಲ್ಲ, ಇಂಥ ಊರಿನ ಆಸ್ಪತ್ರೆಗಳಲ್ಲಿ.

"ಸಣ್ಣ ಆಸ್ಪತ್ರೆ, ಸರಿಯಾಗಿ ಮಾಡುತ್ತಾರೆಯೇ?" ಎಂದು ನಮ್ಮ ಜನ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ದಿನಚರಿಯನ್ನು ಹೇಳಿದರೆ ಉತ್ತರ ಸಿಕ್ಕೀತು. ಬೆಳಗ್ಗೆ ಮೊದಲ ರೋಗಿ ಬರುವ ಮುನ್ನವೇ ಯಂತ್ರದ ಕಿರಣವನ್ನು ಅಳೆಯುತ್ತೇವೆ. ಅಂದಿನ ಅಳತೆ ಶೇಕಡಾ 3ಕ್ಕಿಂತ ಹೆಚ್ಚು ಆಚೀಚೆಯಾದರೆ ಕಾರಣ ತಿಳಿದು ಸರಿಪಡಿಸುವವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲ. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿರುವ ಒಂದು ಕೇಂದ್ರವು ಅಂಚೆಯ ಮೂಲಕ ಅಳತೆಯ ಸಣ್ಣ ಸಾಧನಗಳನ್ನು ಆಸ್ಪತ್ರೆಗಳಿಗೆ ಕಳುಹಿಸುತ್ತದೆ. ಅವಕ್ಕೆ ನಮ್ಮ ಕಿರಣ ತೋರಿಸಿ ಹಿಂದಿರುಗಿಸಿದರೆ, ನಾವು ಹೇಳಿದ ಪ್ರಮಾಣವೂ ಕೊಟ್ಟ ಪ್ರಮಾಣವೂ ಒಂದೇ ಎಂಬುದನ್ನು ಅವರು ಪರೀಕ್ಷಿಸಿ ತಿಳಿಸುತ್ತಾರೆ. ಒಬ್ಬರು ಮಾಡಿದ ಯೋಜನೆಯನ್ನು ಇನ್ನೊಬ್ಬರು ಲೆಕ್ಕ ಹಾಕಿ ನೋಡದೆ ಚಿಕಿತ್ಸೆ ಆರಂಭವಾಗುವುದಿಲ್ಲ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯಂಥ ಸಂಸ್ಥೆಗಳು ವಿಕಿರಣ ವಿಭಾಗಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತವೆ. ನೀವು ಹೋಗುವ ಆಸ್ಪತ್ರೆಗೆ ಆ ಮಾನ್ಯತೆ ಉಂಟೇ ಎಂದು ಸಂಕೋಚವಿಲ್ಲದೆ ಕೇಳಿ.

ಹಾಗೆಂದು ಎಲ್ಲವನ್ನೂ ಊರಿನಲ್ಲೇ ಮಾಡಿಸಿಕೊಳ್ಳಿ ಎನ್ನುವವರಲ್ಲ ನಾವು. ಮಕ್ಕಳ ಕ್ಯಾನ್ಸರ್, ಅಪರೂಪದ ಗಡ್ಡೆಗಳು, ಮೆದುಳಿನ ಬುಡದಂಥ ಇಕ್ಕಟ್ಟಿನ ಜಾಗ, ಪ್ರೋಟಾನ್ ಕಿರಣ ಬೇಕಾದ ಪ್ರಸಂಗ, ಇವೆಲ್ಲ ದೊಡ್ಡ ಕೇಂದ್ರಗಳಿಗೆ ಸೇರಿದ್ದು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಹೊರಗಿನ ಕಿರಣದ ಜೊತೆಗೆ ಒಳಗಿನಿಂದ ಕೊಡುವ ಕಿರಣವೂ ಬೇಕು. ಆ ಸೌಕರ್ಯ ಎಲ್ಲ ಕಡೆಯೂ ಇಲ್ಲ. ಇಲ್ಲವೆಂದು ಅದನ್ನು ಕೈಬಿಡುವಂತಿಲ್ಲ. ಬಾಯಿ, ಗಂಟಲುಗಳ ಕ್ಯಾನ್ಸರಿನಲ್ಲಿ ಅನುಭವಕ್ಕೆ ಬಹಳ ಬೆಲೆಯುಂಟು. ಆದ್ದರಿಂದ "ವರ್ಷಕ್ಕೆ ಇಂಥ ಎಷ್ಟು ರೋಗಿಗಳನ್ನು ನೋಡುತ್ತೀರಿ?" ಎಂದು ನಮ್ಮನ್ನು ಕೇಳಿದರೆ ನಾವು ಬೇಸರಪಡುವುದಿಲ್ಲ. ಶಸ್ತ್ರಚಿಕಿತ್ಸೆ ಮತ್ತು ಸಲಹೆ ವಿಶ್ವವಿದ್ಯಾಲಯದಲ್ಲಿ, ದಿನನಿತ್ಯದ ವಿಕಿರಣ ಮನೆಯ ಹತ್ತಿರ ಎಂಬ ಹೊಂದಾಣಿಕೆ ಎಷ್ಟೋ ಮಂದಿಗೆ ಅನುಕೂಲವಾಗಿದೆ.

ದಿನಗಳ ಸಂಖ್ಯೆಯ ಬಗ್ಗೆ ಒಂದು ಸಂತೋಷದ ಸುದ್ದಿಯನ್ನೂ ಹೇಳಬೇಕು. ಸ್ತನದ ಕ್ಯಾನ್ಸರಿಗೆ ಹಿಂದೆ ಇಡೀ ಸ್ತನವನ್ನೇ ತೆಗೆಯುತ್ತಿದ್ದರು. ಡಾಕ್ಟರ್ ಬರ್ನಾರ್ಡ್ ಫಿಷರ್ ಅವರ ಮುಂದಾಳ್ತನದಲ್ಲಿ 1976ರಲ್ಲಿ ಆರಂಭವಾದ ಅಧ್ಯಯನದ 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಕೊಟ್ಟವರೂ, ಸ್ತನವನ್ನೇ ಕಳೆದುಕೊಂಡವರೂ ಸಮನಾಗಿ ಬದುಕಿದ್ದರು. ಗಡ್ಡೆಯನ್ನು ಮಾತ್ರ ತೆಗೆಸಿಕೊಂಡು ವಿಕಿರಣ ಪಡೆಯದವರಲ್ಲಿ ಶೇಕಡಾ 39 ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತ್ತು. ವಿಕಿರಣ ಪಡೆದವರಲ್ಲಿ ಶೇಕಡಾ 14 ಮಂದಿಗೆ ಮಾತ್ರ. ಆಗ ಐದಾರು ವಾರ ಹಿಡಿಯುತ್ತಿದ್ದ ಆ ಚಿಕಿತ್ಸೆ ಈಗ ಅನೇಕರಿಗೆ ಮೂರು ವಾರಗಳಲ್ಲಿ ಮುಗಿಯುತ್ತದೆ. ಬ್ರಿಟನ್ನಿನ ವೈದ್ಯರು ಆಯ್ದ ರೋಗಿಗಳಿಗೆ ಒಂದೇ ವಾರದ ಐದು ಸರದಿ ಸಾಕೆಂದು 2020ರಲ್ಲಿ ತೋರಿಸಿದ್ದಾರೆ. ಮೂಳೆಗೆ ಹರಡಿದ ಕ್ಯಾನ್ಸರಿನ ನೋವು ಇಳಿಸಲು ಎಷ್ಟೋ ಸಲ ಒಂದೇ ಒಂದು ದಿನದ ಚಿಕಿತ್ಸೆ ಸಾಕು. ಆದರೆ ಬಾಯಿ, ಗಂಟಲುಗಳಿಗೆ ಇಂದಿಗೂ ಆರೇಳು ವಾರ ಬೇಕು. ಅಡಿಕೆ ಬೆಳೆಯುವ, ಅಡಿಕೆ ಅಗಿಯುವ ನಾಡಿನಿಂದ ಬಂದ ನಮಗೆ ಈ ಮಾತು ದೂರದ್ದಲ್ಲ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದೆ.

ಇಲ್ಲಿಂದ ಮುಂದೆ ಒಬ್ಬ ತಾಯಿಯವರ ವಿಷಯ ಹೇಳುತ್ತೇವೆ. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದಿದ್ದೇವೆ. ಹೆಸರು, ಊರುಗಳನ್ನು ಬಿಟ್ಟಿದ್ದೇವೆ. ಮಲೆನಾಡಿನವರು, ಎಪ್ಪತ್ತರ ಸಮೀಪದವರು, ಗ್ರೀನ್ ಕಾರ್ಡ್ ಪಡೆದು ಯಜಮಾನರೊಂದಿಗೆ ಮಗನ ಮನೆಯಲ್ಲಿ ನೆಲೆಸಿದವರು. ಐವತ್ತು ವರ್ಷಗಳ ಎಲೆಅಡಿಕೆಯ ಅಭ್ಯಾಸ. ಕೆನ್ನೆಯ ಒಳಗಿನ ಹುಣ್ಣು ವಾಸಿಯಾಗದೆ ಎಂಟು ತಿಂಗಳಾದರೂ, ಹಲ್ಲಿನ ತೊಂದರೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ದೂರದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆರು ವಾರಗಳೊಳಗೆ ವಿಕಿರಣ ಆರಂಭವಾಗಬೇಕೆಂದು ಅಲ್ಲಿಂದ ನಮಗೆ ಪತ್ರ ಬಂದಿತು. ದಿನಕ್ಕೆ 2 ಗ್ರೇಯಂತೆ 30 ದಿನ, ಒಟ್ಟು 60 ಗ್ರೇ. ಗ್ರೇ ಎಂಬುದು ಕಿರಣವನ್ನು ಅಳೆಯುವ ಮಾನ.

ಮೊದಲ ಭೇಟಿಯಲ್ಲಿ ಮಗ ನಮ್ಮನ್ನು ಪಕ್ಕಕ್ಕೆ ಕರೆದು, "ಅಮ್ಮನ ಮುಂದೆ ಕ್ಯಾನ್ಸರ್ ಎಂಬ ಮಾತು ಬೇಡ. ಹುಣ್ಣಿಗೆ ಕರೆಂಟ್ ಕೊಡುತ್ತಾರೆ ಎಂದಷ್ಟೇ ಹೇಳಿದ್ದೇನೆ" ಎಂದು ಕೈಮುಗಿದರು. ನಮ್ಮ ಪ್ರಶ್ನೆಯನ್ನೂ ತಾಯಿಯವರ ಉತ್ತರವನ್ನೂ ಅವರೇ ಅನುವಾದಿಸುತ್ತಿದ್ದರು. ನಾವು ಮೂರು ನಿಮಿಷ ವಿವರಿಸಿದ್ದನ್ನು ಅವರು ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದರು. ಅದು ಕಪಟವಲ್ಲ, ಪ್ರೀತಿ. ಆದರೂ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ತಾಯಿ, ಮಗನಲ್ಲ.

ಬಾಯಿಯ ಭಾಗಕ್ಕೆ ವಿಕಿರಣ ಕೊಡುವಾಗ ತಲೆ ಅಲುಗಬಾರದು. ಅದಕ್ಕಾಗಿ ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಒತ್ತಿ ಮುಖವಾಡ ತಯಾರಿಸುತ್ತೇವೆ. ಅದು ತಣಿದು ಗಟ್ಟಿಯಾಗುತ್ತದೆ. ಪ್ರತಿದಿನ ಅದನ್ನು ತೊಡಿಸಿ, ಮೇಜಿಗೆ ಬಿಗಿದು, ದಪ್ಪ ಕಾಂಕ್ರೀಟು ಗೋಡೆಗಳ ಕೋಣೆಯಲ್ಲಿ ರೋಗಿಯೊಬ್ಬರನ್ನೇ ಬಿಟ್ಟು ನಾವು ಹೊರಗೆ ಬರುತ್ತೇವೆ. ಕ್ಯಾಮೆರಾದಲ್ಲಿ ನೋಡುತ್ತಿರುತ್ತೇವೆ, ಮಾತಾಡಬಹುದು, ಕೈ ಎತ್ತಿದರೆ ಒಡನೆ ನಿಲ್ಲಿಸಿ ಒಳಗೆ ಹೋಗುತ್ತೇವೆ. ಕಿರಣ ಹೊಮ್ಮುವುದು ಕೆಲವೇ ನಿಮಿಷ. ನೋವು ಇಲ್ಲವೇ ಇಲ್ಲ. ಎಲ್ಲ ಸೇರಿ ಕಾಲು ಗಂಟೆಯ ಕೆಲಸ. ಆದರೆ ಏನು ನಡೆಯುತ್ತಿದೆ ಎಂದು ತಿಳಿಯದವರಿಗೆ ಆ ಕಾಲು ಗಂಟೆ ಬಹಳ ದೀರ್ಘ.

ಕೊರಳಲ್ಲಿ ಲೋಹ ಇರಬಾರದಾದ್ದರಿಂದ ಮಾಂಗಲ್ಯವನ್ನು ತೆಗೆಯಬೇಕಾಗಿ ಬಂದಿತು. ತಾಯಿಯವರು ಏನೂ ಹೇಳದೆ ಅದನ್ನು ಹಿಡಿದು ಕುಳಿತರು. ಯಜಮಾನರೇ ಎದ್ದು ಬಂದು, "ನನ್ನ ಕೈಯಲ್ಲಿ ಕೊಡು, ಕಟ್ಟಿದವನು ನಾನೇ ತಾನೇ" ಎಂದರು. ಅಂದಿನಿಂದ ಕೊನೆಯ ದಿನದವರೆಗೂ, ಅವರು ಬಂದ ದಿನವೆಲ್ಲ, ಕರವಸ್ತ್ರದಲ್ಲಿ ಅದನ್ನು ಹಿಡಿದು ಹೊರಗಿನ ಕುರ್ಚಿಯಲ್ಲಿ ಕಾಯುತ್ತಿದ್ದರು. ಯಂತ್ರ ನಡೆಸುವ ಅಮೆರಿಕನ್ ಹುಡುಗಿಯರು ಆ ಕಾಲು ಗಂಟೆಯಲ್ಲಿ ಅವರಿಗೆ ತಪ್ಪದೆ ಕಾಫಿ ತಂದುಕೊಡುತ್ತಿದ್ದರು.

ಮೊದಲ ಎರಡು ವಾರಗಳಲ್ಲಿಯೇ ಮೂರು ದಿನ ತಪ್ಪಿತು. ಒಂದು ದಿನ ಮಗನಿಗೆ ಕೆಲಸದ ಮೇಲೆ ಪರವೂರಿನ ಪ್ರಯಾಣ, ಇನ್ನೊಂದು ದಿನ ಹಿಮಪಾತ, ಮತ್ತೊಂದು ದಿನ ಸೊಸೆಗೆ ರಜೆ ಸಿಗಲಿಲ್ಲ. ಯಜಮಾನರಿಗೆ ಕಾರು ಓಡಿಸಲು ಬಾರದು. "ನಿಮ್ಮ ಸ್ನೇಹಿತರು, ನಿಮ್ಮ ಭಾಷೆಯ ಸಂಘದವರು ಯಾರಾದರೂ ಕರೆತರಬಹುದಲ್ಲ?" ಎಂದು ನಮ್ಮ ಸಮಾಜ ಕಾರ್ಯಕರ್ತೆ ಕೇಳಿದರು. ಮಗ ತಲೆ ತಗ್ಗಿಸಿದರು. ಯಾರಿಗೂ ಹೇಳಿರಲಿಲ್ಲ. ಗೆಳೆಯರಿಗೆ ಹೇಳಿದರೆ ಊರಿಗೆ ಸುದ್ದಿ ಮುಟ್ಟುತ್ತದೆ. ಊರಿಗೆ ಮುಟ್ಟಿದರೆ ತಂಗಿಯ ಮಗಳ ಮದುವೆಯ ಮಾತುಕತೆ ಕೆಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅಮ್ಮನಿಗೆ ಗೊತ್ತಾಗಿಬಿಡುತ್ತದೆ.

ಆ ವಾರ ನಾವು ತರಬೇತಿ ಪಡೆದ ದುಭಾಷಿಯನ್ನು ದೂರವಾಣಿಯ ಮೂಲಕ ಕರೆಸಿದೆವು. ನಮ್ಮಲ್ಲಿ ಕನ್ನಡ ಬಲ್ಲವರಿದ್ದರೂ, ಮನೆಯವರೂ ಅಲ್ಲದ, ಪರಿಚಿತರೂ ಅಲ್ಲದ ಒಂದು ಕನ್ನಡದ ದನಿ ಇರಲಿ ಎಂಬುದು ನಮ್ಮ ಉದ್ದೇಶ. ಮಗನನ್ನು ಒಪ್ಪಿಸಿ ಹೊರಗೆ ಕೂರಿಸಿದೆವು. "ನಿಮ್ಮ ಕಾಯಿಲೆಯ ಬಗ್ಗೆ ನಿಮಗೆಷ್ಟು ತಿಳಿದಿದೆ? ಎಷ್ಟು ತಿಳಿಯಬೇಕೆಂದು ಇಷ್ಟ?" ಎಂದು ಕೇಳಿದೆವು. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನನ್ನ ಅಕ್ಕನಿಗೂ ಇದೇ ಆಗಿತ್ತು. ಬೆಂಗಳೂರಿನ ಕಿದ್ವಾಯಿಯಲ್ಲಿ ಒಂದೂವರೆ ತಿಂಗಳು ಅವಳ ಜೊತೆಗಿದ್ದವಳು ನಾನು. ಈ ಯಂತ್ರ ನೋಡಿದ ದಿನವೇ ನನಗೆ ಗೊತ್ತಾಯಿತು. ಮಗ ಎದೆಗುಂದುತ್ತಾನೆಂದು ಸುಮ್ಮನಿದ್ದೆ."

ಒಬ್ಬರನ್ನೊಬ್ಬರು ಕಾಪಾಡಲು ಹೊರಟ ತಾಯಿ, ಮಗ ಒಂದೇ ಮನೆಯಲ್ಲಿದ್ದೂ ಒಂಟಿಯಾಗಿದ್ದರು. ಆ ಗುಟ್ಟಿಗೆ ಕಟ್ಟಿದ ಬೆಲೆ ಮೂರು ದಿನಗಳ ಚಿಕಿತ್ಸೆ.

ಆಮೇಲಿನದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ತಾಯಿಯವರೇ ಮಗನಿಗೆ, "ನಿನ್ನ ಗೆಳೆಯರಿಗೆ ಫೋನು ಮಾಡು, ನಾಚಿಕೆ ಪಡುವಂಥ ಕೆಲಸ ನಾನೇನೂ ಮಾಡಿಲ್ಲ" ಎಂದರು. ಐದು ಮನೆಯವರು ಮುಂದೆ ಬಂದರು, ಒಬ್ಬೊಬ್ಬರಿಗೆ ವಾರಕ್ಕೆ ಒಂದೇ ದಿನ. ತಪ್ಪಿದ ಮೂರು ಸರದಿಗಳನ್ನು, ಎರಡನ್ನು ಶನಿವಾರಗಳಂದು ಯಂತ್ರ ತೆರೆದು, ಒಂದನ್ನು ಒಂದೇ ದಿನ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಕೊಟ್ಟು ತುಂಬಿಸಿಕೊಂಡೆವು. ನಾಲ್ಕನೆಯ ವಾರದಲ್ಲಿ ಬಾಯಿ ಹುಣ್ಣಾಗಿ ನುಂಗಲು ಕಷ್ಟವಾದಾಗ ರಾಗಿ ಅಂಬಲಿ, ತೆಳುವಾದ ಗಂಜಿ, ಬೇಳೆಯ ಕಟ್ಟು ಸರದಿಯಂತೆ ಆ ಮನೆಗಳಿಂದಲೇ ಬಂದವು. ಮೂವತ್ತೂ ದಿನಗಳು ಗೊತ್ತುಪಡಿಸಿದ ತಾರೀಖಿಗೇ ಮುಗಿದವು. ಈಗಲೂ ಅವರು ಪರೀಕ್ಷೆಗೆ ಬರುತ್ತಾರೆ. ಬಾಯಿ ಒಣಗುವುದರಿಂದ ನೀರಿನ ಬಾಟಲಿ ಸದಾ ಕೈಯಲ್ಲಿರುತ್ತದೆ. ಖಾರ ತಿನ್ನಲಾಗುವುದಿಲ್ಲ. ಎಲ್ಲರ ಕಥೆಯೂ ಹೀಗೆಯೇ ಮುಗಿಯುವುದಿಲ್ಲ, ಅದನ್ನು ನಾವು ಮುಚ್ಚಿಡುವುದಿಲ್ಲ. ದಿನ ತಪ್ಪದೆ ಬಂದರೂ ರೋಗ ಗೆದ್ದ ಪ್ರಸಂಗಗಳಿವೆ. ಆದರೆ ತಪ್ಪಿಸಬಹುದಾದ ಕಾರಣಕ್ಕೆ ಸೋಲುವುದು ಬೇರೆಯೇ ಬಗೆಯ ದುಃಖ.

ಈಗ ನೀವು ನೆನಪಿಡಬೇಕಾದ ಕೆಲವು ಸಂಗತಿಗಳು.

ದುಭಾಷಿ ಬೇಕೆಂದು ಕೇಳುವುದು ನಿಮ್ಮ ಹಕ್ಕು. 1964ರ ನಾಗರಿಕ ಹಕ್ಕುಗಳ ಕಾನೂನಿನ ಆಧಾರದ ಮೇಲೆ, ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಉಚಿತವಾಗಿ ಭಾಷೆಯ ನೆರವು ಒದಗಿಸಬೇಕು. ಮೊಮ್ಮಕ್ಕಳನ್ನು ದುಭಾಷಿಗಳಾಗಿ ಮಾಡಬೇಡಿ. ಹನ್ನೆರಡು ವರ್ಷದ ಮಗು ಅಜ್ಜಿಗೆ ಇಂಥ ಸುದ್ದಿ ಹೇಳುವಂತಾಗಬಾರದು.

ರಜೆಯ ಬಗ್ಗೆ: 1993ರ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾನೂನು, ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ ಅರ್ಹರಾದವರಿಗೆ, ತಂದೆ, ತಾಯಿ, ಪತಿ, ಪತ್ನಿ, ಮಕ್ಕಳ ಆರೈಕೆಗಾಗಿ ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆ ಕೊಡುತ್ತದೆ. ಅದನ್ನು ಒಟ್ಟಿಗೇ ತೆಗೆದುಕೊಳ್ಳಬೇಕೆಂದಿಲ್ಲ. ದಿನಕ್ಕೆ ಎರಡು ಗಂಟೆಯಂತೆಯೂ ಬಳಸಬಹುದು. ವಿಕಿರಣ ಚಿಕಿತ್ಸೆಗೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಈ ಕಾನೂನಿನಲ್ಲಿ ಅತ್ತೆ ಮಾವಂದಿರು ಬರುವುದಿಲ್ಲ. ನಮ್ಮ ಮನೆಗಳಲ್ಲಿ ಆರೈಕೆಯ ಭಾರ ಹೊರುವ ಸೊಸೆಗೆ ಇದರ ಪ್ರಯೋಜನವಿಲ್ಲ, ಮಗನಿಗೆ ಉಂಟು. ಗಂಡುಮಕ್ಕಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ವಾಹನದ ಬಗ್ಗೆ: ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಸ್ವಯಂಸೇವಕರು ಚಿಕಿತ್ಸೆಗೆ ಉಚಿತವಾಗಿ ಕರೆದೊಯ್ಯುವ ವ್ಯವಸ್ಥೆ ಅನೇಕ ಊರುಗಳಲ್ಲಿದೆ. ಕೆಲವು ದಿನ ಮುಂಚಿತವಾಗಿ ತಿಳಿಸಬೇಕು. ಹಣದ ಬಗ್ಗೆ: ಲಾಭಕ್ಕಾಗಿ ನಡೆಸದ ಆಸ್ಪತ್ರೆಗಳು ಬಡ ರೋಗಿಗಳ ನೆರವಿಗೆ ಲಿಖಿತ ನಿಯಮಾವಳಿ ಇಟ್ಟುಕೊಂಡಿರಬೇಕೆಂದು 2010ರ ಆರೋಗ್ಯ ಕಾನೂನು ವಿಧಿಸಿದೆ. ಬಿಲ್ಲು ನೋಡಿ ಚಿಕಿತ್ಸೆ ನಿಲ್ಲಿಸುವ ಮುನ್ನ ಆ ಅರ್ಜಿ ಕೇಳಿ ಪಡೆಯಿರಿ.

ಆಹಾರದ ಬಗ್ಗೆ: ಚಿಕಿತ್ಸೆಯ ದಿನಗಳಲ್ಲಿ ಏಕಾದಶಿ, ಸಂಕಷ್ಟಿಗಳ ಉಪವಾಸ ಬೇಡ. ತೂಕ ಇಳಿದರೆ ಮುಖವಾಡ ಸಡಿಲವಾಗುತ್ತದೆ, ಗುರಿ ತಪ್ಪುತ್ತದೆ, ಯೋಜನೆಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಸಾರಿನಲ್ಲಿರುವ ಅರಿಶಿನದಿಂದ ಬಾಧಕವಿಲ್ಲ. ಆದರೆ ಊರಿನಿಂದ ತರಿಸಿದ ಚೂರ್ಣ, ಕಷಾಯ, ಗುಳಿಗೆಗಳನ್ನು ನಮಗೆ ತೋರಿಸದೆ ಸೇವಿಸಬೇಡಿ. ಬಾಯಿಗೆ ವಿಕಿರಣವಾಗುವವರು ಮೊದಲೇ ಹಲ್ಲುಗಳನ್ನು ಪರೀಕ್ಷಿಸಿಕೊಳ್ಳಬೇಕು. ಕೀಳಿಸಬೇಕಾದ ಹಲ್ಲನ್ನು ಮುನ್ನವೇ ಕೀಳಿಸಬೇಕು. ವಿಕಿರಣದ ನಂತರ ದವಡೆಯ ಮೂಳೆಯ ಗಾಯ ಸುಲಭವಾಗಿ ಮಾಯುವುದಿಲ್ಲ.

ಇನ್ನು ಮೊಮ್ಮಕ್ಕಳ ಮಾತು. "ಕಿರಣ ಬಿದ್ದ ಮೈ, ಮಗುವನ್ನು ಎತ್ತಿಕೊಳ್ಳಬಹುದೇ?" ಎಂದು ಹಿರಿಯರು ಮೆಲ್ಲನೆ ಕೇಳುತ್ತಾರೆ. ಹೊರಗಿನ ಯಂತ್ರದಿಂದ ಬಂದ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದೇ? ಹಾಗೆಯೇ ಇದು. ಧಾರಾಳವಾಗಿ ಎತ್ತಿಕೊಳ್ಳಿ, ಪಕ್ಕದಲ್ಲಿ ಮಲಗಿಸಿಕೊಳ್ಳಿ. ಮೈಯೊಳಗೆ ವಿಕಿರಣ ಬೀಜಗಳನ್ನು ಇರಿಸಿದವರು, ಥೈರಾಯ್ಡಿಗಾಗಿ ವಿಕಿರಣ ಅಯೋಡಿನ್ ಸೇವಿಸಿದವರು ಮಾತ್ರ ವೈದ್ಯರು ಹೇಳಿದಷ್ಟು ದಿನ ಎಚ್ಚರಿಕೆ ವಹಿಸಬೇಕು.

ತಾಯ್ನಾಡಿನಲ್ಲಿರುವ ತಂದೆತಾಯಿಗಳ ವಿಷಯವಾಗಿಯೂ ಒಂದು ಮಾತು. ಅಲ್ಲಿ ಕಾಯಿಲೆ ಎಂದೊಡನೆ "ಇಲ್ಲಿಗೇ ಬಂದುಬಿಡಿ" ಎನ್ನುವುದು ಮಕ್ಕಳ ಸಹಜ ಉದ್ಗಾರ. ಆದರೆ ಭೇಟಿಗೆ ಬಂದವರ ವಿಮೆ ಸಾಮಾನ್ಯವಾಗಿ ಮೊದಲೇ ಇದ್ದ ರೋಗಕ್ಕೆ ಅನ್ವಯಿಸುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕ್ಯಾನ್ಸರ್ ರೋಗಿಗಳ ಸೇವೆಯಲ್ಲಿದೆ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಮಣಿಪಾಲ, ಕಲಬುರಗಿಗಳಲ್ಲೂ ವಿಕಿರಣ ಚಿಕಿತ್ಸೆ ಲಭ್ಯವಿದೆ. ಅಲ್ಲಿ ಆರಂಭವಾದ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿ ವಿಮಾನ ಹತ್ತಿಸುವುದಕ್ಕಿಂತ ಕೆಟ್ಟದ್ದು ಬೇರೊಂದಿಲ್ಲ. ಅದರ ಬದಲು ಆರು ವಾರ ನೀವೇ ಹೋಗಿ ಅವರ ಜೊತೆಯಲ್ಲಿರಿ. ಆಸ್ಪತ್ರೆಯ ಸಮೀಪ ಒಂದು ಮನೆ ಮಾಡಿಕೊಡಿ. ದೂರದ ಹಳ್ಳಿಗಳಿಂದ ಬಂದು, ಉಳಿಯಲು ನೆಲೆಯಿಲ್ಲದೆ ಅರ್ಧಕ್ಕೇ ಹಿಂದಿರುಗುವ ರೋಗಿಗಳನ್ನು ನೆನೆದರೆ, ಹತ್ತು ಮೈಲಿಯಲ್ಲಿ ಆಸ್ಪತ್ರೆಯಿರುವ ನಮ್ಮ ಭಾಗ್ಯ ಎಂಥದೆಂದು ತಿಳಿಯುತ್ತದೆ.

ಕೊನೆಯದಾಗಿ ಕೂಟಕ್ಕೆ ಒಂದು ಬಿನ್ನಹ. ನಿಮ್ಮಲ್ಲಿ ನಾಟಕಕ್ಕೊಂದು ಸಮಿತಿಯಿದೆ, ಅಡುಗೆಗೊಂದು ಸಮಿತಿಯಿದೆ. ಒಂದು ಸಣ್ಣ ಪಟ್ಟಿಯನ್ನೂ ಇಟ್ಟುಕೊಳ್ಳಿ: ವಾರದ ಯಾವ ದಿನ, ಯಾವ ಹೊತ್ತಿನಲ್ಲಿ, ಯಾರು ಒಬ್ಬ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬಲ್ಲರು ಎಂಬ ಪಟ್ಟಿ. ಕರೆದೊಯ್ದವರು ಕಾಯಿಲೆಯ ವಿವರವನ್ನು ಮತ್ತೊಬ್ಬರಿಗೆ ಹೇಳಬಾರದೆಂಬ ಒಂದೇ ನಿಯಮ ಸಾಕು. ಆ ಭರವಸೆ ಇದ್ದರೆ ಗುಟ್ಟು ಮಾಡುವವರೂ ಬಾಯಿಬಿಟ್ಟು ಕೇಳುತ್ತಾರೆ. ಊರಿನಲ್ಲಿ ನೆಂಟರಿಷ್ಟರು ಮಾಡುತ್ತಿದ್ದ ಕೆಲಸ ಇದು. ಇಲ್ಲಿ ಆ ನೆಂಟರು ನೀವೇ.

ಯಂತ್ರವನ್ನು ನಾವು ನೋಡಿಕೊಳ್ಳುತ್ತೇವೆ. ದಾರಿಯನ್ನು ನೀವು ನೋಡಿಕೊಳ್ಳಿ.